ಏಳನೇ ಪ್ರಶ್ನೆಯ ಮೂರನೇ ಉತ್ತರ

ಮೂವತ್ತು ಹೆಣ್ಣುಮಕ್ಕಳು, ಮೂವತ್ತು ಪ್ರಶ್ನಾವಳಿ. ಒಬ್ಬೊಬ್ಬರನ್ನೂ ಬೇರೆಬೇರೆ ಕೂರಿಸಿ ಕೇಳಬೇಕು. ನನ್ನ ಗೈಡ್ ಅರ್ಜುನಪ್ಪ ಸರ್ ಆ ‘ಬೇರೆಬೇರೆ’ ಅನ್ನುವುದನ್ನು ಬೋರ್ಡಿನ ಮೇಲೆ ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದರು. ದೊಡ್ಡ ಅಧ್ಯಯನಕ್ಕೆ ಮುಂಚೆ ಮಾಡುವ ಈ ಸಣ್ಣ ಪರೀಕ್ಷೆಗೆ ಪೈಲಟ್ ಸ್ಟಡಿ ಅಂತಾರೆ. ನಮ್ಮ ಪ್ರಶ್ನೆಗಳು ಕೆಲಸ ಮಾಡುತ್ತವೋ ಇಲ್ಲವೋ ಅಂತ ಅದರಲ್ಲೇ ತಿಳಿಯಬೇಕು.

ಅದರ ವರದಿಗೆ ಸರ್ ಸಹಿ ಹಾಕಿಸಿ ಶನಿವಾರ ಮಧ್ಯಾಹ್ನ ಒಂದರೊಳಗೆ ಆಫೀಸಿಗೆ ಮುಟ್ಟಿಸಿದರೆ ನನ್ನ ಪಿಎಚ್‌ಡಿ ನೋಂದಣಿ ಆಗುತ್ತಿತ್ತು. ಮುಟ್ಟಿಸದಿದ್ದರೆ ಇಲ್ಲ. ಮಗಳು ಸಾನ್ವಿಗೆ ಟೈಫಾಯ್ಡ್ ಆದಾಗ ಒಮ್ಮೆ ಮುಂದಕ್ಕೆ ಹಾಕಿಸಿಕೊಂಡಿದ್ದೆ. ಇನ್ನೊಮ್ಮೆ ಆಗುವುದಿಲ್ಲ ಅಂತ ಬರೆದೇ ಕೊಟ್ಟಿದ್ದರು. ಹುಬ್ಬಳ್ಳಿಯ ಕಾಲೇಜಿನಲ್ಲಿ ಹದಿಮೂರು ವರ್ಷದಿಂದ ನಾನು ಅತಿಥಿ ಉಪನ್ಯಾಸಕಿ. ಬರುವ ವರ್ಷದ ಕ್ಲಾಸು ನೋಂದಣಿ ಆದವರಿಗೇ ಮೊದಲು ಅಂತ ಪ್ರಿನ್ಸಿಪಾಲರು ಹೇಳಿಯಾಗಿತ್ತು.

ನನ್ನ ಕೈಯಲ್ಲಿದ್ದದ್ದು ಒಂದು ಭಾನುವಾರ.

“ಅಮ್ಮಿನಬಾವಿಗೆ ಹೋಗು,” ಅಂದರು ನಮ್ಮನೆಯವರು. “ದೊಡ್ಡವ್ವ ಅದಾಳ. ಗುರ್ತಿಲ್ಲದ ಮಂದಿ ಮನಿಮನಿ ಯಾಕ ತಿರಗತಿ?”

ದೊಡ್ಡವ್ವ ಅಂದರೆ ನಮ್ಮ ಅತ್ತೆಯ ಅಕ್ಕ, ಬಾಳವ್ವ. ತಪ್ಪು ನಾನೇ ಮಾಡಿದೆ. ಫೋನಿನಲ್ಲಿ “ಮೂವತ್ತು ಮಂದಿ ಬೇಕಾಗ್ಯಾರ ದೊಡ್ಡವ್ವ” ಅಂದೆ. ಮೂವತ್ತು ಮನೆ ತೋರಿಸು ಅನ್ನಬೇಕಿತ್ತು. ಸೊಸೆ ಏನೋ ಕೆಲಸ ಹಿಡಿದು ಊರಿಗೆ ಬರುತ್ತಾಳೆ, ಮಂದಿ ಬೇಕು ಅಂತಾಳೆ ಅಂದರೆ ಒಬ್ಬ ಹಿರಿಯಳು ಏನು ಮಾಡಿಯಾಳೋ ಆಕೆಯೂ ಅದನ್ನೇ ಮಾಡಿದ್ದಳು. ನಾನು ಹೋಗುವಷ್ಟರಲ್ಲಿ ಪಡಸಾಲೆಯಲ್ಲಿ ಜಮಖಾನೆ ಹಾಸಿತ್ತು. ಮೂವತ್ತೂ ಮಂದಿ ತಲೆಗೆ ಸೆರಗು ಹೊದ್ದು ಸಾಲಾಗಿ ಕೂತಿದ್ದರು. ಒಳಗಿನಿಂದ ಅವಲಕ್ಕಿ ಒಗ್ಗರಣೆಯ ವಾಸನೆ.

“ದೊಡ್ಡವ್ವ, ಒಬ್ಬೊಬ್ಬರನ್ನ ಒಳಗ ಕರದು ಕೇಳಬೇಕಿತ್ತು.”

“ಒಳಗ ಯಾಕ? ಹೆಣ್ಣು ನೋಡಾಕ ಬಂದಿಯೇನ?” ಮೂವತ್ತೂ ಮಂದಿ ನಕ್ಕರು.

“ಹಂಗಲ್ಲ, ನಮ್ಮ ಸರ್ ಹೇಳ್ಯಾರ.”

“ನಿಮ್ಮ ಸರ್ ಧಾರವಾಡದಾಗ ಕುಂತು ಹೇಳತಾನ. ಇಲ್ಲೆ ಒಬ್ಬಾಕಿನ್ನ ಒಳಗ ಒಯ್ದು ಬಾಗಲಾ ಹಾಕಿದ್ರ, ಹೊರಗ ಕುಂತಾಕಿ ಏನ್ ತಿಳಕೋಬೇಕ ತಂಗಿ? ಇಲ್ಲೇ ಕೇಳು. ನಮ್ಮೊಳಗ ಮುಚ್ಚುಮರಿ ಇಲ್ಲ.”

ಕೇಳಿದೆ. ಮೊದಲ ಆರು ಪ್ರಶ್ನೆ ವಯಸ್ಸು, ಓದು, ಮಕ್ಕಳದ್ದು, ಸಲೀಸಾಗಿ ಹೋದವು. ಏಳನೆಯದು ನನ್ನ ಇಡೀ ಸಂಶೋಧನೆಯ ಬುಡ: ‘ನೀವು ಊರ ಹೊರಗೆ ಹೋಗುವುದನ್ನು ಯಾರು ನಿರ್ಧರಿಸುತ್ತಾರೆ? ಒಂದು, ನಾನೇ. ಎರಡು, ಗಂಡ ಅಥವಾ ಮನೆಯ ಹಿರಿಯರು. ಮೂರು, ಎಲ್ಲರೂ ಕೂಡಿ.’

ಓದಿ ಮುಗಿಸಿದೆ. ಯಾರೂ ನನ್ನ ಕಡೆ ನೋಡಲಿಲ್ಲ. ಅರವತ್ತು ಕಣ್ಣು ಬಾಳವ್ವನ ಮೇಲೆ.

“ಎಲ್ಲಾರೂ ಕೂಡೇ ಮಾಡ್ತೇವಿ. ಬರಕೋ,” ಅಂದಳು ಬಾಳವ್ವ.

“ಹೌದ್ರಿ, ಎಲ್ಲಾರೂ ಕೂಡಿ,” ಅಂದಳು ಮೂಲೆಯಲ್ಲಿದ್ದ ಮಾಬೂಬಿ. ಆಮೇಲೆ ಸಾಲು ಹಿಡಿದು, ಹಾಜರಿ ಕೂಗಿದಂತೆ, ಎಲ್ಲಾರೂ ಕೂಡಿ, ಎಲ್ಲಾರೂ ಕೂಡಿ. ಹಿಂದಿನಿಂದ ಯಾರೋ, “ಅವರು ಮಾತಾಡ್ತಾರ, ನಾವು ಚಾ ಕೊಡ್ತೇವಿ!” ಅಂದರು. ನಗು ಏಳುವುದರೊಳಗೆ ಬಾಳವ್ವ ಆ ಕಡೆ ಒಮ್ಮೆ ತಿರುಗಿ ನೋಡಿದಳು. ಆ ಮಾತು ಬರೆದುಕೊಳ್ಳಲು ನನ್ನ ಹಾಳೆಯಲ್ಲಿ ಜಾಗ ಇರಲಿಲ್ಲ. ಮೂರನೇ ಉತ್ತರಕ್ಕೆ ಮೂವತ್ತು ಸಲ ಟಿಕ್ ಹಾಕಿದೆ.

ಹೊರಡುವಾಗ ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ. ಮೇಲೊಂದು ರೊಟ್ಟಿಯ ಗಂಟು. ಉಡಿ ತುಂಬಿಸಿಕೊಂಡ ಮೇಲೆ ‘ನೀವು ಮಾಡಿದ್ದು ಸರಿ ಹೋಗಲಿಲ್ಲ’ ಅಂತ ಯಾವ ಬಾಯಿಂದ ಹೇಳುವುದು? ಅಕ್ಕಿಯೂ ಪ್ರಶ್ನಾವಳಿಯೂ ಒಂದೇ ಚೀಲಕ್ಕೆ ಹೋದವು.

“ಫಕೀರವ್ವ, ಅಕ್ಕಾರ ಗಂಟು ಹಿಡಕೊಂಡು ಬಸ್ಸಿನ ತನಕಾ ಹೋಗು. ಲಗೂ ಬಾ,” ಅಂದಳು ಬಾಳವ್ವ.

ಫಕೀರವ್ವ ಪಕ್ಕದ ಮನೆಯ ಸೊಸೆ. ಇಪ್ಪತ್ನಾಲ್ಕು ವಯಸ್ಸು, ನನ್ನ ಲೆಕ್ಕದಲ್ಲಿ ಹತ್ತೊಂಬತ್ತನೇ ಪ್ರಶ್ನಾವಳಿ. ಊರಬಾಗಿಲ ಅಗಸಿ ದಾಟುವ ತನಕ ಮಾತಾಡಲಿಲ್ಲ. ದಾಟಿದ ಮೇಲೆ, ಮುಖ ತಿರುಗಿಸದೆ ಹೇಳಿದಳು.

“ಅಕ್ಕಾರ, ನಾ ಧಾರವಾಡಕ್ಕ ಹೊಲಿಗಿ ಕಲ್ಯಾಕ ಹೋಗ್ತೇನಿ ಅಂದು ಎರಡು ವರ್ಷ ಆತ್ರಿ. ಎಲ್ಲಾರೂ ಕೂಡಿ ನೋಡೂಣು ಅಂತಾರ.”

“ಏನಂದ್ರು ಕೂಡಿ?”

“ಕೂಡೂದ ಇಲ್ರಿ.”

ನನ್ನ ಕೈ ಚೀಲದಲ್ಲಿದ್ದ ಪೆನ್ನಿಗೆ ಹೋಯಿತು. ಆಕೆ ನೋಡಿಬಿಟ್ಟಳು. “ಬರೀಬ್ಯಾಡ್ರಿ ಮತ್ತ. ನಿಮ್ಮ ಕೂಡ ಮಾತಾಡಿದೆ, ಅಷ್ಟ.” ಗಂಟು ಕೊಟ್ಟು, ಬಸ್ಸು ಬರುವುದಕ್ಕೂ ಕಾಯದೆ ತಿರುಗಿ ನಡೆದಳು.

ಮನೆಗೆ ಬಂದು ಹೇಳಿದೆ, ಇವು ನಡೆಯುವುದಿಲ್ಲ, ಗುರುವಾರ ರಜೆ ಹಾಕಿ ಇಲ್ಲೇ ನವನಗರದಲ್ಲಿ ಮನೆಮನೆ ತಿರುಗಿ ಹೊಸದಾಗಿ ಕೇಳುತ್ತೇನೆ ಅಂತ. ಅತ್ತೆ ಪಲ್ಯ ಬಡಿಸುತ್ತಿದ್ದವರು ಕೈ ನಿಲ್ಲಿಸಿದರು.

“ಅಕ್ಕ ಅಷ್ಟು ಮಂದಿ ಕೂಡಿಸಿ ಕೊಟ್ಟಾಳ. ಅವು ಬ್ಯಾಡಾದ್ವು ಅಂದ್ರ ಆಕಿಗೆ ನಾ ಏನ್ ಹೇಳ್ಲಿ?”

“ಗುರುವಾರ ಸಾನ್ವಿನ ಕರಕೊಂಡು ಬರಾವ್ರ್ಯಾರು?” ಅಂದರು ಇವರು. ಸಿಟ್ಟಿನಿಂದಲ್ಲ. ಇವರಿಗೆ ಸಿಟ್ಟು ಬರುವುದು ಅಪರೂಪ. “ಅವಸರ ಬ್ಯಾಡ. ಎಲ್ಲಾರೂ ಕೂಡಿ ವಿಚಾರ ಮಾಡೂಣು.”

ಸೋಮವಾರ ಇವರಿಗೆ ಮೀಟಿಂಗು. ಮಂಗಳವಾರ ಅತ್ತೆ ಮಠಕ್ಕೆ ಹೋದರು. ಬುಧವಾರ ನಾನೇ ಮಾತು ತೆಗೆದೆ; “ಹೂಂ, ನೋಡೂಣಂತ” ಅಂದರು ಇಬ್ಬರೂ. ಗುರುವಾರ ನಾನು ಎಂದಿನಂತೆ ಚಿಗರಿ ಬಸ್ಸಿನಲ್ಲಿ ನಿಂತುಕೊಂಡು ಹುಬ್ಬಳ್ಳಿಗೆ ಹೋಗಿ ಬಿ.ಎ. ಮಕ್ಕಳಿಗೆ ಪಾಠ ಮಾಡಿದೆ. ಪ್ರಶ್ನಾವಳಿ ರಚನೆ ಹೇಗೆ, ಅದೇ ಪಾಠ.

ಶನಿವಾರ ಹನ್ನೊಂದೂವರೆಗೆ ಸರ್ ಕೋಣೆಯಲ್ಲಿದ್ದೆ. ಕಟ್ಟು ಬಿಚ್ಚಿದರೆ ಹಾಳೆಗಳ ನಡುವಿನಿಂದ ಅಕ್ಕಿಕಾಳು ಉದುರಿ ಟೇಬಲ್ ಗಾಜಿನ ಮೇಲೆ ಚೆಲ್ಲಾಡಿದವು.

“ಉಡಿ ತುಂಬಿಸ್ಕೊಂಡು ಬಂದೀರೇನ್ರಿ?” ನಕ್ಕರು. ಕಾಳನ್ನು ಒಂದೊಂದಾಗಿ ಬದಿಗೆ ಸರಿಸುತ್ತಲೇ ಎಲ್ಲಾ ಹಾಳೆ ತಿರುವಿದರು. ಏಳನೇ ಪ್ರಶ್ನೆ, ಮೂರನೇ ಉತ್ತರ, ನೂರಕ್ಕೆ ನೂರು. ಆಮೇಲೆ ನನ್ನ ವರದಿ ತೆಗೆದರು. ಕೊನೆಯಲ್ಲಿ ಒಂದು ಸಾಲು ಬರೆದಿದ್ದೆ: ‘ಎಲ್ಲ ಉತ್ತರಗಳನ್ನೂ ಒಂದೇ ಕೋಣೆಯಲ್ಲಿ, ಊರಿನ ಹಿರಿಯರೊಬ್ಬರ ಎದುರಿಗೆ ಪಡೆಯಲಾಗಿದೆ, ಇವನ್ನು ಮೂವತ್ತು ಉತ್ತರ ಎನ್ನಲಾಗದು.’

ಸರ್ ಅದರ ಮೇಲೆ ಕೆಂಪು ಪೆನ್ನಿನ ಗೆರೆ ಎಳೆದರು.

“ಇದೊಂದು ತಗೀರಿ. ಸಹಿ ಹಾಕ್ತೇನಿ.”

“ಸರ್, ಅದು ಖರೇ ಐತ್ರಿ.”

“ಖರೇ ಅಂತ ನನಗ ಗೊತ್ತಿಲ್ಲೇನ್ರಿ? ಇಪ್ಪತ್ತು ವರ್ಷ ಇದನ್ನ ನೋಡೇನಿ. ಎಲ್ಲಾರ ಪೈಲಟ್ಟೂ ಹಿಂಗ. ಈ ಸಾಲಿದ್ರ ವಾಪಸ್ ಬರತೈತಿ, ನಿಮ್ಮ ತಾರೀಖು ಹೋಗತೈತಿ. ನಿಮ್ಮ ಸಲುವಾಗಿ ಹೇಳಾಕತ್ತೇನಿ.”

ಖರೇನೂ ನನ್ನ ಸಲುವಾಗಿಯೇ ಹೇಳುತ್ತಿದ್ದರು. ಅದೇ ಕಷ್ಟ.

“ಹತ್ತೊಂಬತ್ತನೇದಾಕಿ ಬ್ಯಾರೆ ಹೇಳ್ಯಾಳ್ರಿ ಸರ್. ಆಮ್ಯಾಲ, ಒಬ್ಬಾಕೀನ ಸಿಕ್ಕಾಗ.”

“ಬರದೀರೇನು?”

“ಬರೀಬ್ಯಾಡ್ರಿ ಅಂದಾಳ.”

“ಹಂಗಾದ್ರ ಆತಲ್ರಿ. ಬರೀಬ್ಯಾಡ್ರಿ.”

“ಆಕಿ ಹೇಳಿದ್ದು ಬರಿಯೂದಿಲ್ರಿ ಸರ್. ಆದ್ರ ಆಕಿ ತಾನಾಗಿ ಹೇಳಲಾರದ್ದನ್ನ ಆಕಿದು ಅಂತ ಬರದು ಸಹಿ ಮಾಡಾಕ ಆಗೂದಿಲ್ಲ.”

ನನ್ನ ದನಿ ಅಷ್ಟು ಏರಿದ್ದು ನನಗೇ ಆಮೇಲೆ ಗೊತ್ತಾಯಿತು. ಕೆಂಪು ಗೆರೆಯ ಕೆಳಗೆ ಅದೇ ಸಾಲನ್ನು ಇನ್ನೊಮ್ಮೆ ಕೈಯಿಂದ ಬರೆದು ಹಾಳೆ ಅವರ ಕಡೆ ಸರಿಸಿದೆ. ಸರ್ ಓದಲಿಲ್ಲ. ಪೆನ್ನಿಗೆ ಟೋಪಿ ಹಾಕಿದರು.

“ಇಡ್ರಿ. ಸೋಮವಾರ ಕಮಿಟಿಯೊಳಗ ಎಲ್ಲಾರೂ ಕೂಡಿ ನೋಡೂಣು.”

“ಇವತ್ತ ಕಡೀದು ಸರ್.”

“ಎಲ್ಲಾರೂ ಕೂಡಿ ನೋಡೂಣು ಅಂದ್ನೆಲ್ರಿ.”

ಹೊರಗೆ ಬಂದೆ. ಆಫೀಸಿನ ಕಿಟಕಿ ಹಾಕುವ ತನಕ ಕಾರಿಡಾರಿನ ಬೆಂಚಿನ ಮೇಲೆ ಕೂತಿದ್ದೆ. ಸರ್ ಮನಸ್ಸು ಬದಲಿಸಿ ಕರೆಯಬಹುದು ಅಂತ ಒಮ್ಮೆ, ನಾನೇ ಒಳಗೆ ಹೋಗಿ ಆ ಸಾಲು ಹೊಡೆದುಹಾಕಬಹುದು ಅಂತ ಮೂರು ಸಲ ಅನ್ನಿಸಿತು. ಒಂದು ಗಂಟೆಗೆ ಕಿಟಕಿ ಹಾಕಿದರು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಚೀಲದ ತಳದಲ್ಲಿ ಒಂದು ಖಾಲಿ ಪ್ರಶ್ನಾವಳಿ ಉಳಿದಿತ್ತು. ತೊಡೆಯ ಮೇಲಿಟ್ಟು, ಏಳನೇ ಪ್ರಶ್ನೆಯ ಮೂರನೇ ಉತ್ತರದ ಕೆಳಗೆ ಸಣ್ಣಕ್ಷರದಲ್ಲಿ ಬರೆದೆ: ‘ಎಲ್ಲರೂ ಅಂದರೆ ಯಾರ್ಯಾರು? ಹೆಸರು ಬರೆಯಿರಿ. ಕೊನೆಗೆ ಕೂಡಿದ್ದು ಯಾವಾಗ?’ ಪೈಲಟ್ ಮಾಡುವುದೇ ಪ್ರಶ್ನೆ ತಿದ್ದಲಿಕ್ಕೆ.

ಫೋನ್ ಬಂತು. ಇವರು.

“ಆತೇನು? ಸಹಿ ಹಾಕಿದ್ರಾ?”

“ಇಲ್ಲ.”

“ಬಾ ಮನಿಗೆ. ಎಲ್ಲಾರೂ ಕೂಡಿ ನೋಡೂಣು.”

ಹೊಸ ಪ್ರಶ್ನೆಯನ್ನು ಯಾರ ಮೇಲಾದರೂ ಪರೀಕ್ಷೆ ಮಾಡಬೇಕಲ್ಲ. ಬರೆದೆ. ಇವರು. ಅತ್ತೆ. ದೊಡ್ಡವ್ವ. ಸರ್. ‘ಕೊನೆಗೆ ಕೂಡಿದ್ದು ಯಾವಾಗ’ ಅನ್ನುವುದರ ಮುಂದೆ ಪೆನ್ನು ಹಿಡಿದು ಕೂತಿದ್ದಾಗಲೇ ನವನಗರ ಬಂತು. ಬಾಗಿಲು ತೆರೆಯಿತು. ಸಾನ್ವಿಯ ಶಾಲೆ ಬಿಟ್ಟು ಹತ್ತು ನಿಮಿಷ ಆಗಿತ್ತು. ಇಳಿದು ಓಡಿದೆ.