ಎರಡು ಅಂಕದ ದ್ರವ್ಯರಾಶಿ

ತಳಕಲ್ಲಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಸುನಿತಾಗೆ ಕೊಟ್ರಬಸಪ್ಪ ಸರ್ ಮೇಲೆ ಎಳ್ಳಷ್ಟೂ ಗೌರವವಿರಲಿಲ್ಲ. ಕೊಪ್ಪಳದ ಮೌಲ್ಯಮಾಪನ ಕೇಂದ್ರದಲ್ಲಿ ಅವಳ ಕೋಣೆಗೆ ಅವರೇ ಮುಖ್ಯಸ್ಥರು. ಗಂಗಾವತಿಯಲ್ಲಿ ಮೂವತ್ತು ವರ್ಷ ಪಾಠ ಮಾಡಿದವರು; ಮೂವತ್ತು ವರ್ಷವೂ ಅದೇ ನೋಟ್ಸು. "ವ್ಯಾಖ್ಯೆ ಬಾಯಿಪಾಠ ಆತಂದ್ರ ಅರ್ಧ ವಿಜ್ಞಾನ ಬಂದಂಗ" ಎಂದು ಬೆಳಿಗ್ಗೆ ಬಂದ ಕೂಡಲೇ ಎಲ್ಲರಿಗೂ ಸಾರಿದ್ದರು. ಉಳಿದರ್ಧ ಇವರಿಗೆ ಯಾವಾಗ ಬರುತ್ತದೋ ಎಂದುಕೊಂಡಿದ್ದಳು ಸುನಿತಾ.

ಊಟದ ನಂತರ ಒಂದು ಉತ್ತರಪತ್ರಿಕೆ ಕೈಗೆ ಬಂತು. 'ದ್ರವ್ಯರಾಶಿ ಎಂದರೇನು?' ಎಂಬ ಪ್ರಶ್ನೆಗೆ ಯಾವುದೋ ಊರಿನ ಮಗು ಬರೆದಿತ್ತು: 'ಎರಡು ಬಂಡಿಗಳನ್ನು ಒಂದೇ ಬಲದಿಂದ ನೂಕಿದಾಗ ಯಾವುದು ನಿಧಾನವಾಗಿ ವೇಗ ಪಡೆಯುತ್ತದೋ ಅದರ ದ್ರವ್ಯರಾಶಿ ಹೆಚ್ಚು. ಹೀಗೆ ಹೋಲಿಸಿ ಅಳೆಯುವ ಗುಣವೇ ದ್ರವ್ಯರಾಶಿ.' ಸುನಿತಾ ಎರಡು ಸಲ ಓದಿದಳು. ಗಿಳಿಪಾಠ ತಿದ್ದಿ ತಿದ್ದಿ ಸೋತಿದ್ದ ಕೈ ಖುಷಿಯಿಂದ ಎರಡಕ್ಕೆ ಎರಡು ಕೊಟ್ಟಿತು.

ಕೊಟ್ರಬಸಪ್ಪ ಬಂದು ಹಸಿರು ಪೆನ್ನಿನಿಂದ ಅದನ್ನು ಹೊಡೆದುಹಾಕಿ ಸೊನ್ನೆ ಸುತ್ತಿದರು.

"ಯಾಕ್ರಿ ಸರ್?"

"ಮಾದರಿ ಉತ್ತರ ನೋಡ್ರಿ ಮೇಡಂ. 'ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ.' ಈ ನೂಕಾಟ ಎಲ್ಲೈತಿ ಅದರಾಗ?"

"ದ್ರವ್ಯ ಅಂದ್ರ ಏನ್ರಿ?"

"ದ್ರವ್ಯರಾಶಿ ಇರೋದು, ಜಾಗ ಹಿಡಿಯೋದು. ಸಣ್ಣ ಹುಡುಗ್ರಿಗೂ ಗೊತ್ತೈತಿ."

"ಅಂದ್ರ ದ್ರವ್ಯರಾಶಿಗೆ ದ್ರವ್ಯ ಬೇಕು, ದ್ರವ್ಯಕ್ಕ ದ್ರವ್ಯರಾಶಿ ಬೇಕು. ಗಾಣದ ಎತ್ತು ಸುತ್ತಿದಂಗ ಆತಲ್ರಿ!"

ಪಕ್ಕದ ಮೇಜಿನಲ್ಲಿದ್ದ ಕನಕಗಿರಿಯ ತೌಸೀಫ ಮಾಸ್ತರರು ನಗು ಮುಚ್ಚಲು ಕೆಮ್ಮಿದರು.

ಸುನಿತಾ ಸುಮ್ಮನಾಗಲಿಲ್ಲ. ಉತ್ತರಪತ್ರಿಕೆಗಳ ಬಂಡಲ್ ಸಾಗಿಸುವ ಚಕ್ರದ ಗಾಡಿಗಳೆರಡು ಬಾಗಿಲಲ್ಲೇ ಇದ್ದವು, ಎರಡರ ಮೇಲೂ ಬೀಗ ಹಾಕಿದ ಒಂದೇ ಥರದ ಪೆಟ್ಟಿಗೆ. "ಎತ್ತಬ್ಯಾಡ್ರಿ, ತಗೀಬ್ಯಾಡ್ರಿ. ಯಾವುದರಾಗ ದ್ರವ್ಯ ಹೆಚ್ಚೈತಿ, ಹೇಳ್ರಿ ನೋಡೋಣು."

ಕೊಟ್ರಬಸಪ್ಪ ಒಂದೊಂದನ್ನೂ ನೂಕಿ ನೋಡಿದರು. "ಈ ಎಡಗಡೀದು."

"ಹೆಂಗ ಗೊತ್ತಾತ್ರಿ?"

"ಲಗೂನ ಸರಿಯಂಗಿಲ್ಲಲ್ಲ ಇದು!" ಎಂದವರು ತಟ್ಟನೆ ಗಾಡಿಯಿಂದ ಕೈ ತೆಗೆದರು.

"ಆ ಮಗು ಬರದದ್ದೂ ಅದನ್ನ ರೀ. ಬಲದ ನಿಯಮ ನಿಂತಿರೋದು ಈ ಮಾತಿನ ಮ್ಯಾಲೆ. ಅಳೆಯೋ ದಾರೀನ ತೋರಿಸದ ವ್ಯಾಖ್ಯೆ ಇಟ್ಕೊಂಡು ನಿಯಮ ಹೆಂಗ ಕಲಸ್ತೀರಿ?"

"ಅದನ್ನೆಲ್ಲ ನಿಮ್ಮ ಸಾಲ್ಯಾಗ ಹೇಳ್ಕೋರಿ. ಇಲ್ಲಿ ಕೀ ಉತ್ತರ ಅಂದ್ರ ಕೀ ಉತ್ತರ."

ಸುನಿತಾ ಒಂದು ಹಾಳೆ ತೆಗೆದು ಅವರ ಎರಡೂ ವ್ಯಾಖ್ಯೆಗಳನ್ನು ಒಂದರ ಕೆಳಗೊಂದು ಬರೆದಳು. 'ಇವುಗಳಲ್ಲಿ ಯಾವುದರಿಂದ ಯಾವುದನ್ನು ತಿಳಿಯಬೇಕು ಎಂಬುದನ್ನು ಮೇಲಿನವರು ದಯವಿಟ್ಟು ತಿಳಿಸಬೇಕು' ಎಂದು ಸೇರಿಸಿ ಮುಂದಿಟ್ಟಳು. "ಸಹಿ ಮಾಡ್ರಿ ಸರ್, ಕಳಸ್ತೀನಿ."

ತಪ್ಪಿಗೆ ಎಂದೂ ಹೆದರದ ಮನುಷ್ಯ, ಮೇಲಿನಿಂದ ಬರುವ ಕಾಗದಕ್ಕೆ ಬೆವರಿದ. ಸೊನ್ನೆ ಹೋಗಿ ಒಂದು ಬಂತು. ಅವಳು ಹಾಳೆಯನ್ನು ಹಿಂದಕ್ಕೆ ತೆಗೆದುಕೊಳ್ಳದಿದ್ದಾಗ ಒಂದು ಹೋಗಿ ಎರಡಾಯಿತು. ತಿದ್ದಿದ್ದಕ್ಕೆ ಕಾರಣ ಬರೆಯಬೇಕಲ್ಲ. 'ಬರವಣಿಗೆ ಅಂದವಾಗಿದೆ' ಎಂದು ಬರೆದು ಸಹಿ ಹಾಕಿ, ಚಹಾ ಕುಡಿಯಲು ನಡೆದುಬಿಟ್ಟರು.

ಸುನಿತಾ ಮುಂದಿನ ಪತ್ರಿಕೆ ತೆರೆದಳು. 'ವಸ್ತುವಿನಲ್ಲಿರುವ ದ್ರವ್ಯದ ಪ್ರಮಾಣ', ಒಂದಕ್ಷರ ಆಚೀಚೆ ಇಲ್ಲ. ಹಲ್ಲು ಕಚ್ಚಿ ಅದಕ್ಕೂ ಎರಡು ಕೊಟ್ಟಳು.