ಇಸ್ಮಾಯಿಲ ಸಾಹೇಬರ ಸಾಲು

ಕೊಡಲಿಯ ಕಾವು ಮೇಜಿನ ಗಾಜಿಗೆ ಅಪ್ಪಳಿಸಿದಾಗ ಚೂರೊಂದು ಹಾರಿ ಮಿನಾಜಳ ಕೆನ್ನೆಗೆ ನೆಟ್ಟಿತು. ಎದುರಿಗೆ ನಿಂತವನು ಬಿಜ್ಜರಗಿಯ ಮಲಕಾಜಪ್ಪ. ಹತ್ತು ದಿನದ ಹಿಂದೆ ಅವನ ಕುರಿಯೊಂದು ಸತ್ತಾಗ ಪಶುವೈದ್ಯರು ಅದರ ರಕ್ತವನ್ನು ಮಿನಾಜ ಕೆಲಸ ಮಾಡುವ, ಅಥಣಿ ರಸ್ತೆಯ ಈ ಪ್ರಯೋಗಾಲಯಕ್ಕೆ ಕಳಿಸಿದ್ದರು.

"ನನ್ನ ಮಗ ಮಾಳು ದವಾಖಾನ್ಯಾಗ ಬಿದ್ದಾನ. ಕೈ ಬಾತು ಗಾಯ ಕರ್ರಗಾಗೇದ. ಎರಡನೇ ಕುರಿ ಸತ್ತಾಗ ಅದರ ಚರ್ಮ ಸುಲಿದ. ಕಾಗದ ಬರ್ಲಿಲ್ಲ ಅಂದ್ರ ರೋಗ ಇಲ್ಲ ಅಂತ ತಿಳದಿದ್ವಿ. ಯಾಕ ಕಳಸಲಿಲ್ಲಬೇ?"

"ಕಳಿಸೇನ್ರಿ ಕಾಕಾ. ನೆರಡಿ ರೋಗ, ಆಂಥ್ರಾಕ್ಸ್ ಅಂತ ಮರುದಿನಾನ ಡಾಕ್ಟರಿಗೆ ಇಮೇಲ್ ಮಾಡೇನಿ."

"ಡಾಕ್ಟರು ಬಂದಿಲ್ಲ ಅಂತಾರ. ಇಬ್ಬರಾಗ ಒಬ್ಬರದು ಸುಳ್ಳು." ಅವನು ಅವಳ ಜಡೆ ಹಿಡಿದು ಮುಖವನ್ನು ಕಂಪ್ಯೂಟರಿನತ್ತ ತಳ್ಳಿದ. "ತೋರಸು."

ಕಳಿಸಿದ ಪತ್ರಗಳ ಪಟ್ಟಿಯಲ್ಲಿ ವರದಿ ಇತ್ತು. ಹಾಗಾದರೆ ಮುಟ್ಟಲಿಲ್ಲವೇಕೆ? ಮುಟ್ಟದ ಪತ್ರಗಳ ಸೂಚನೆ ಇಸ್ಮಾಯಿಲ ಸಾಹೇಬರ ಇಮೇಲ್ ಪೆಟ್ಟಿಗೆಗೆ ಹೋಗುತ್ತಿತ್ತು. ಪ್ರಯೋಗಾಲಯ ಕಟ್ಟಿದ, ಅವಳಿಗೆ ಕೆಲಸ ಕಲಿಸಿದ ಅವರು ತೀರಿಕೊಂಡು ಎರಡು ವರ್ಷ. ಸತ್ತವರ ಪತ್ರ ನೋಡಬಾರದೆಂದು ಆ ಪೆಟ್ಟಿಗೆಯನ್ನು ಯಾರೂ ತೆರೆದಿರಲಿಲ್ಲ. ಈಗ ತೆರೆದಳು. ಹನ್ನೊಂದು ವರದಿಗಳು ಹಿಂದಿರುಗಿ ಬಂದಿದ್ದವು. ಎಲ್ಲದರ ಮೇಲೂ ಒಂದೇ ಕಾರಣ: ಕಳಿಸಿದವರ ಗುರುತು ದೃಢಪಟ್ಟಿಲ್ಲ.

ಎರಡು ವಾರದ ಹಿಂದೆ ಅವಳೇ ಪ್ರಯೋಗಾಲಯದ ಇಮೇಲನ್ನು ಹೊಸ ಸೇವೆಗೆ ಬದಲಿಸಿದ್ದಳು. ತಮ್ಮ ಡೊಮೇನಿನ ಹೆಸರಿನಲ್ಲಿ ಯಾವ ಸರ್ವರು ಪತ್ರ ಕಳಿಸಬಹುದೆಂದು ಹೇಳುವ ಎಸ್‌ಪಿಎಫ್ ಸಾಲನ್ನೂ ಹೊಸದಾಗಿ ಬರೆದಿದ್ದಳು. ಸಾಹೇಬರು ಬರೆದ ಹಳೆಯ ಸಾಲನ್ನು ಅಳಿಸಲು ಮಾತ್ರ ಕೈ ಬಂದಿರಲಿಲ್ಲ. ಇದ್ದರೆ ಇರಲಿ ಎಂದುಕೊಂಡಿದ್ದಳು. ಅಂಥ ಸಾಲು ಒಂದೇ ಇರಬೇಕು. ಎರಡಿದ್ದರೆ ಎರಡೂ ಇಲ್ಲದಂತೆ. ಪತ್ರದ ಸಹಿಯನ್ನು ಪರೀಕ್ಷಿಸುವ ಕೀಲಿಯನ್ನೂ ನಾಳೆ ಹಾಕಿದರಾಯಿತೆಂದು ಮುಂದೂಡಿದ್ದಳು.

"ತಪ್ಪು ನಂದರಿ," ಎಂದಳು.

ಅವನು ಕಪಾಳಕ್ಕೆ ಬಾರಿಸಿದ. ಬಾಯಲ್ಲಿ ರಕ್ತದ ರುಚಿ. ಕೊಡಲಿ ಮೇಲೆದ್ದಿತು.

"ಹೊಡೀರಿ ಕಾಕಾ, ಆದ್ರ ಆಮ್ಯಾಲ. ಈ ಹನ್ನೊಂದರಾಗ ಇನ್ನೊಂದು ನೆರಡಿ ಅದ. ಬಬಲೇಶ್ವರದ ರೇಣುಕಾ ಅನ್ನೋರದು. ಅವರೂ ಕಾಗದ ಬಂದಿಲ್ಲ ಅಂತ ಕುಂತಿರತಾರ."

ಕೊಡಲಿ ಅಲ್ಲೇ ನಿಂತಿತು.

ರೇಣುಕಾಳ ಫೋನು ರಿಂಗಾಯಿತು, ಯಾರೂ ಎತ್ತಲಿಲ್ಲ. ಅಲ್ಲಿಯ ಪಶುವೈದ್ಯರದು ಬಿಜಿ. ಮಿನಾಜ ಸಾಹೇಬರ ಸಾಲನ್ನು ಅಳಿಸಿದಳು, ಕೀಲಿ ಹಾಕಿದಳು. ಬೇರೆ ಸರ್ವರುಗಳು ಹಳೆಯದನ್ನು ಮರೆಯಲು ಒಂದು ಗಂಟೆ ಬೇಕು. ಹನ್ನೊಂದೂ ವರದಿಗಳು ಆಮೇಲೆ ತಾವಾಗಿಯೇ ಹೋಗುವಂತೆ ಸಮಯ ನಿಗದಿ ಮಾಡಿದಳು.

"ಒಂದು ತಾಸು ಯಾರು ಕಾಯಬೇಕು?" ಮಲಕಾಜಪ್ಪ ಬಾಗಿಲು ದಾಟಿದ್ದ. "ಗಾಡಿ ಹತ್ತಬೇ."

ಅವರು ಬಬಲೇಶ್ವರ ಮುಟ್ಟುವಷ್ಟರಲ್ಲಿ ಗಂಟೆಯಾಗುತ್ತ ಬಂದಿತ್ತು. ರೇಣುಕಾಳ ಮನೆಯಂಗಳದಲ್ಲಿ ಜ್ವರದ ಕುರಿಯೊಂದನ್ನು ಕೆಡವಿದ್ದರು. ಸಾಯುವ ಮೊದಲೇ ಕೊಯ್ದರೆ ಮಾಂಸವಾದರೂ ದಕ್ಕೀತೆಂಬ ಲೆಕ್ಕ. ರೇಣುಕಾಳ ಗಂಡನ ಚೂರಿ ಕುರಿಯ ಗಂಟಲ ಮೇಲಿತ್ತು.

"ಕೊಯ್ಯಬ್ಯಾಡಲೇ," ಎನ್ನುತ್ತಲೇ ಮಲಕಾಜಪ್ಪ ಕೊಡಲಿಯ ಕಾವನ್ನು ಅವನ ಮಣಿಕಟ್ಟಿನ ಮೇಲೆ ಬೀಸಿದ. ಎಲುಬು ಮುರಿದ ಸದ್ದು ಮಿನಾಜಳಿಗೂ ಕೇಳಿಸಿತು. ಚೂರಿ ಬಿತ್ತು. ಕುರಿ ತೂರಾಡುತ್ತ ಎದ್ದಿತು.

ಗಂಡನ ಇಬ್ಬರು ತಮ್ಮಂದಿರು ಮಲಕಾಜಪ್ಪನನ್ನು ನೆಲಕ್ಕೆ ಕೆಡವಿ ತುಳಿದರು. "ರೋಗದ ಕುರಿ ಅದು, ಬಿಡ್ರಿ ಅವರನ್ನ," ಎಂದು ಅಡ್ಡ ಬಂದ ಮಿನಾಜಳ ಪಕ್ಕೆಗೂ ಒದೆ ಬಿತ್ತು.

"ನೀ ಯಾರಬೇ ಹೇಳಾಕ?"

ಕಲ್ಲೊಂದು ಮಲಕಾಜಪ್ಪನ ಹುಬ್ಬನ್ನು ಸೀಳಿತು. ಆಗ ಒಳಗೆ ಫೋನು ಬಡಿದುಕೊಂಡಿತು. ರೇಣುಕಾ ಕಿವಿಗಿಟ್ಟುಕೊಂಡೇ ಹೊರಬಂದಳು.

"ಡಾಕ್ಟರ್ ಸಾಹೇಬ್ರು. ರಿಪೋರ್ಟ್ ಈಗ ಬಂತಂತ. ಕುರಿ ಯಾರೂ ಮುಟ್ಟಬಾರದಂತ, ನೆರಡಿ ಅಂತ."

ತಮ್ಮಂದಿರು ಹಿಂದೆ ಸರಿದರು. ಒಬ್ಬನ ಕೈಯಲ್ಲಿ ಕಲ್ಲು ಇನ್ನೂ ಇತ್ತು.

ಮಲಕಾಜಪ್ಪ ಎದ್ದು ಕುಳಿತು ಮಣ್ಣು ಬೆರೆತ ರಕ್ತ ಉಗುಳಿದ. ಮಿನಾಜ ತನ್ನ ದುಪಟ್ಟಾ ಅವನ ಹಣೆಗೆ ಒತ್ತಿದಳು. ಅವನು ತಡೆಯಲಿಲ್ಲ.

"ನನ್ನ ಕಾಗದಾನೂ ಮುಟ್ಟಿತೇನು?"

ಅವಳು ಫೋನಿನಲ್ಲಿ ನೋಡಿದಳು. ಹನ್ನೊಂದರಲ್ಲಿ ಒಂದೂ ಹಿಂದಿರುಗಿರಲಿಲ್ಲ.

"ಮುಟ್ಟ್ಯದರಿ, ಕಾಕಾ," ಎಂದಳು.