ಅತ್ತೆ ಮಾತಾಡಿದರಾ?

ನಮ್ಮ ಭಾವ ಬಾಯಿ ತೆರೆದರೆ ಇರುವೆಗೂ ಸೊಂಡಿಲು ಮೂಡುತ್ತಿತ್ತು. ಒಂದು ಸಲ ಅವನು ಫೋನ್ ಕಂಬ ಹತ್ತಿದ್ದಾಗ ಜೋರು ಗಾಳಿ ಬೀಸಿತಂತೆ. ಕಂಬ ಬಾಗಿ ಬಾಗಿ ಅವನನ್ನು ಪಕ್ಕದ ಬೀದಿಯ ಮಹಡಿ ಮೇಲೆ ಇಳಿಸಿತಂತೆ. ಅಲ್ಲಿ ಒಂದು ಲೋಟ ನೀರು ಕುಡಿದ ಮೇಲೆ ಅದೇ ಕಂಬ ಅವನನ್ನು ಮತ್ತೆ ಎತ್ತಿಕೊಂಡು ವಾಪಸು ನೆಟ್ಟಗೆ ನಿಂತಿತಂತೆ. ನಾನೇನು ಕಮ್ಮಿಯಲ್ಲ, ಆ ನೀರು ಕೊಟ್ಟವನು ನಾನೇ ಎಂದು ಎಷ್ಟೋ ಸಲ ಸಾಕ್ಷಿ ಹೇಳಿದ್ದೇನೆ. ಅಂಥ ಭಾವ ಈಗ ಮಳೆ ಬಂತು ಅನ್ನುವುದಕ್ಕೂ ಎರಡು ಸಲ ಕಿಟಕಿಯಲ್ಲಿ ಇಣುಕಿ ನೋಡುತ್ತಾನೆ.

ಭಾವ ಎಂದರೆ ನನ್ನ ಅಕ್ಕನ ಗಂಡ, ನಮ್ಮ ಮನೆಯಳಿಯ. ಅಮ್ಮ, ಅಕ್ಕ, ಭಾವ, ನಾನು, ಎಲ್ಲರೂ ಒಂದೇ ಸೂರಿನಡಿ. ಕೆಲಸವೂ ನಮಗಿಬ್ಬರಿಗೂ ಒಂದೇ ಟೆಲಿಫೋನ್ ಕಂಪನಿಯಲ್ಲಿ. ನಾನು ಕೇಬಲ್ ಹೊರುವ ವ್ಯಾನಿನ ಡ್ರೈವರ್. ಅವನು ಕಂಬ ಹತ್ತುತ್ತಾ ಹತ್ತುತ್ತಾ ಮೇಲೆ ಹೋಗಿ, ತಣ್ಣಗಿನ ಯಂತ್ರದ ಕೋಣೆಯಲ್ಲಿ ಕುರ್ಚಿ ಹಿಡಿದವನು.

ಆ ಕೋಣೆಯಲ್ಲಿ ಬೀರುವಿನಷ್ಟು ಎತ್ತರದ ಒಂದು ಯಂತ್ರವಿದೆ. ಊರಿಗೆ ಬರುವ ಕರೆ, ಊರಿಂದ ಹೋಗುವ ಕರೆ, ಎಲ್ಲವೂ ಅದರ ಹೊಸ್ತಿಲು ದಾಟಬೇಕು. ನಾವು ಅದಕ್ಕೆ ಬಾಗಿಲು ಅನ್ನುತ್ತೇವೆ. ಬಾಗಿಲಿಗೆ ಸ್ವಂತ ಬುದ್ಧಿ ಇಲ್ಲ. ಪ್ರತಿ ಕರೆ ಬಂದಾಗಲೂ ಅದು ಬೇರೆ ಕಟ್ಟಡದಲ್ಲಿರುವ ಇನ್ನೊಂದು ಯಂತ್ರವನ್ನು ಕೇಳುತ್ತದೆ: ಇವರನ್ನು ಬಿಡಲಾ, ದಾರಿಯಲ್ಲಿ ಜಾಗ ಇದೆಯಾ, ಮೊದಲು ಯಾರಿಗೆ? ಹೀಗೆ ಅಪ್ಪಣೆ ಕೊಡುವ ಯಂತ್ರದ ಹೆಸರು ಪಾಲಿಸಿ ಸರ್ವರ್. ಅದನ್ನು ಕೇಳದೆ ಸಕ್ಕರೆ ಡಬ್ಬಿಯ ಮುಚ್ಚಳವನ್ನೂ ತೆಗೆಯುವಂತಿಲ್ಲವಲ್ಲ, ಹಾಗಾಗಿ ಕಂಪನಿಯಲ್ಲಿ ಕಸ ಗುಡಿಸುವವರಿಂದ ಹಿಡಿದು ಮೇಡಂ ತನಕ ಎಲ್ಲರೂ ಅದನ್ನು ಕರೆಯುವುದು ಅತ್ತೆ ಎಂದೇ. ಆಂಬುಲೆನ್ಸಿಗೆ ಮಾಡುವ ಕರೆಗೆ ಯಾವಾಗಲೂ ಒಂದಿಷ್ಟು ದಾರಿ ತೆರವಿಟ್ಟು, ಮಿಕ್ಕವರನ್ನು ಸಾಲಿನಲ್ಲಿ ಬಿಡುವುದು ಅತ್ತೆಯ ಕೆಲಸ.

ಹಳೆಯ ಅತ್ತೆಗೆ ವಯಸ್ಸಾಗಿತ್ತು. ಹೊಸ ಅತ್ತೆ ಬಂದಳು. ಅವಳ ವಿಳಾಸ, ಅವಳನ್ನು ಯಾವ ಕಿಂಡಿಯಲ್ಲಿ ಕೇಳಬೇಕು, ಉತ್ತರಕ್ಕೆ ಎಷ್ಟು ಹೊತ್ತು ಕಾಯಬೇಕು, ಇದನ್ನೆಲ್ಲ ಬಾಗಿಲಿಗೆ ಹೇಳಿಕೊಡುವ ಕೆಲಸ ಭಾವನ ಪಾಲಿಗೆ ಬಂತು. ಕೊನೆಯಲ್ಲಿ ಬಾಗಿಲು ತಾನೇ ಒಂದು ಪ್ರಶ್ನೆ ಕೇಳುತ್ತದಂತೆ: ಅತ್ತೆಯಿಂದ ಉತ್ತರವೇ ಬಾರದಿದ್ದರೆ ಕರೆಯನ್ನು ಬಿಡಬೇಕಾ, ತಡೆಯಬೇಕಾ? ಭಾವ ‘ಬಿಡು’ ಎಂದು ಒತ್ತಿದ. ಮೌನವೇ ಸಮ್ಮತಿ ಎಂದು ಹಿರಿಯರೇ ಹೇಳಿದ್ದಾರಲ್ಲ.

ಅದರಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ವಿಳಾಸದಲ್ಲಿ, ಒಂದೇ ಒಂದು ಅಂಕಿಯಲ್ಲಿ. ಬಾಗಿಲು ಹೋಗಿ ಯಾರೂ ಇಲ್ಲದ ಮನೆಯ ಕದ ತಟ್ಟತೊಡಗಿತು. ಪರದೆಯ ಮೇಲೆ ಹೊಸ ಅತ್ತೆಯ ಹೆಸರಿನ ಪಕ್ಕ ಒಂದು ಕೆಂಪು ಚುಕ್ಕೆ ಬಿತ್ತು.

ಅವತ್ತು ನಮ್ಮ ಮನೆಯ ಅತ್ತೆಯೂ ಕೆಂಪಾಗಿದ್ದಳು. ಅಮ್ಮನ ಗೊರಕೆಗೆ ಎದುರು ಮನೆಯ ಕಾರು ತಾನೇ ಸ್ಟಾರ್ಟ್ ಆಗಿ ತಿರುವಿನ ತನಕ ಹೋಗಿ ನಿಂತಿತು ಎಂದು ಭಾವ ನೆಂಟರ ಮುಂದೆ ಹೇಳಿ ನಗಿಸಿದ್ದ. ಅದು ಸುತ್ತಿ ಬಳಸಿ ಅಮ್ಮನ ಕಿವಿಗೆ ಬಿದ್ದಿತ್ತು. ಅವಳು ಹಲ್ಲುಜ್ಜುವಾಗ ಬೈಯಲು ಶುರು ಮಾಡಿದವಳು, ಇವನು ಚಪ್ಪಲಿ ಹಾಕಿಕೊಳ್ಳುವಾಗಲೂ ಬೈದಳು, ಸಾಲದೆಂದು ಆಫೀಸಿಗೂ ಫೋನ್ ಮಾಡಿ ಬೈದಳು. ಆ ಫೋನ್ ಇಟ್ಟ ಕೈ ಇನ್ನೂ ತಣ್ಣಗಾಗಿರಲಿಲ್ಲ, ಮೇಡಂ ಫೋನ್ ಬಂತು.

“ಏನ್ರೀ, ಅತ್ತೆ ಮಾತಾಡಿದ್ರಾ?”

“ಅಯ್ಯೋ ಮೇಡಂ, ಬೆಳಿಗ್ಗೆಯಿಂದ ಬಾಯೇ ಮುಚ್ಚಿಲ್ಲ. ನನ್ನ ಕಿವಿ ತೂತಾಗಿದೆ.”

ಮೇಡಂ ನಕ್ಕರು. “ಹಾಗಾದ್ರೆ ಸರಿ. ಹಳೇ ಅತ್ತೇನ ಇವತ್ತೇ ತೆಗೆಸಿ ಹೊರಗೆ ಹಾಕಿಸ್ತೀನಿ,” ಎಂದು ಇಟ್ಟುಬಿಟ್ಟರು.

ಅತ್ತೆಯನ್ನು ಹೊರಗೆ ಹಾಕಿಸುವುದಾ ಎಂದು ಭಾವನಿಗೆ ಒಂದು ಗಳಿಗೆ ದಿಗಿಲು, ಸ್ವಲ್ಪ ಖುಷಿ ಕೂಡ. ಆಮೇಲೆ ಅವರು ಕೇಳಿದ್ದು ಯಾವ ಅತ್ತೆಯನ್ನು ಎಂದು ಹೊಳೆಯಿತು. ತಿರುಗಿ ಫೋನ್ ಮಾಡಿ, ಮೇಡಂ, ನಾನು ಹೇಳಿದ್ದು ಮನೆಯ ಅತ್ತೆಯನ್ನು ಎನ್ನಬಹುದಿತ್ತು. ಅಂದರೆ ಇಡೀ ಕಂಪನಿ ವರ್ಷವಿಡೀ ಅದನ್ನೇ ಹೇಳಿಕೊಂಡು ನಗುತ್ತಿತ್ತು. ಊರನ್ನೆಲ್ಲ ನಗಿಸುವವನಿಗೆ ತಾನು ನಗೆಪಾಟಲಾಗುವುದೆಂದರೆ ಮೈಮೇಲೆ ಚೇಳು ಬಿಟ್ಟ ಹಾಗೆ. ಒಂದು ಕರೆ ಮಾಡಿ ನೋಡಿದ, ಹೋಯಿತು. ಇನ್ನೊಂದು ಮಾಡಿದ, ಅದೂ ಹೋಯಿತು. ಎಲ್ಲ ಹೋಗುತ್ತಿದೆಯಲ್ಲ, ಊಟ ಆದ ಮೇಲೆ ನೋಡೋಣ ಎಂದುಕೊಂಡ. ಊಟ ಆದ ಮೇಲೆ ಬೇರೆ ಕೆಲಸ ಬಂತು. ನಾಳೆ ನೋಡಿದರಾಯಿತು ಎಂದ. ಕೆಂಪು ಚುಕ್ಕೆ ಅಲ್ಲೇ ಇತ್ತು. ಮನೆಯ ಗೋಡೆಯ ಬಿರುಕಿನ ಹಾಗೆ ಅದೂ ಕಣ್ಣಿಗೆ ರೂಢಿಯಾಗಿಹೋಯಿತು.

ಅಡ್ಡಿ ಹೇಳುವವರೇ ಇಲ್ಲದ ಮೇಲೆ ಕರೆಗಳು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಹೋಗುತ್ತಿದ್ದವು. ಮೇಡಂ ಎಲ್ಲರ ಎದುರು ಭಾವನನ್ನು ಹೊಗಳಿದರು. ಅವನು ನನ್ನ ವ್ಯಾನಿನಲ್ಲಿ ಕೂತು, ತನ್ನ ಬಾಗಿಲು ಎಷ್ಟು ಚುರುಕೆಂದರೆ ನಂಬರ್ ಒತ್ತುವ ಮೊದಲೇ ಆ ಕಡೆಯವರು ಹಲೋ ಅನ್ನುತ್ತಾರೆ ಎಂದು ಕೊಚ್ಚಿಕೊಂಡ.

ಹೀಗಿರುವಾಗ ಯಾವುದೋ ಹೊಸ ಅಂಗಡಿಯವರು ರೇಡಿಯೋದಲ್ಲಿ, ಮಧ್ಯಾಹ್ನ ಎಲ್ಲರಿಗಿಂತ ಮೊದಲು ಫೋನ್ ಮಾಡಿದವರಿಗೆ ಹೊಲಿಗೆ ಯಂತ್ರ ಪುಕ್ಕಟೆ ಎಂದು ಸಾರಿದರು. ಪುಕ್ಕಟೆ ಅಂದರೆ ನಮ್ಮೂರಲ್ಲಿ ನನಗೊಂದು, ನಮ್ಮಪ್ಪನಿಗೊಂದು. ಸೂಜಿಗೆ ದಾರ ಪೋಣಿಸಲು ಬಾರದವರೂ ಫೋನ್ ಹಿಡಿದು ಕೂತರು. ಅತ್ತೆ ಇದ್ದಿದ್ದರೆ ಇವರನ್ನೆಲ್ಲ ಸಾಲು ಹಿಡಿಸುತ್ತಿದ್ದಳು. ಇರಲಿಲ್ಲವಲ್ಲ, ಬಾಗಿಲು ಎಲ್ಲರನ್ನೂ ಒಟ್ಟಿಗೆ ಬಿಟ್ಟಿತು. ಇಡೀ ಊರು ಒಂದೇ ಸಂದಿಯಲ್ಲಿ ನುಗ್ಗಿ ಸಿಕ್ಕಿಹಾಕಿಕೊಂಡಿತು.

ಸರಿಯಾಗಿ ಆ ಹೊತ್ತಿಗೆ ಅಮ್ಮ ಅಟ್ಟದಿಂದ ಏನೋ ತೆಗೆಯಲು ಸ್ಟೂಲ್ ಹತ್ತಿ ಬಿದ್ದಳು. ಸೊಂಟದ ಮೂಳೆ ಮುರಿಯಿತು. ಅಕ್ಕ ಆಂಬುಲೆನ್ಸಿಗೆ ಫೋನ್ ಮಾಡಿದಳು. ಟೊಂಯ್ ಟೊಂಯ್ ಎಂದಿತು. ಮತ್ತೆ ಮಾಡಿದಳು. ಅಮ್ಮ ನೆಲದ ಮೇಲೆ ನರಳುತ್ತಿದ್ದಳು, ಅಕ್ಕ ನಂಬರ್ ಒತ್ತುತ್ತಿದ್ದಳು, ಫೋನು ಟೊಂಯ್ ಅನ್ನುತ್ತಿತ್ತು. ಎಷ್ಟೋ ಹೊತ್ತಿನ ಮೇಲೆ ಅವಳು ಬೀದಿಗೆ ಓಡಿ ಬಂದಾಗ, ಊಟಕ್ಕೆಂದು ತಿರುವಿನಲ್ಲಿ ಬರುತ್ತಿದ್ದ ನನ್ನ ವ್ಯಾನು ಸಿಕ್ಕಿತು. ಅಕ್ಕನ ಕಾಲಲ್ಲಿ ಚಪ್ಪಲಿ ಇರಲಿಲ್ಲ. ಫೋನ್ ಇನ್ನೂ ಕಿವಿಯಲ್ಲೇ ಇತ್ತು.

ಬೀದಿಯ ಇಸ್ತ್ರಿ ಅಂಗಡಿಯವನನ್ನು ಕರೆದು, ಇಬ್ಬರೂ ಸೇರಿ ಅಮ್ಮನನ್ನು ಎತ್ತಿ ಕೇಬಲ್ ಸುರುಳಿಗಳ ನಡುವೆ ಮಲಗಿಸಿದೆವು. ರಸ್ತೆಯ ಒಂದೊಂದು ಗುಂಡಿಗೂ ಅವಳು ಕೂಗಿದಳು. ನಾನು ಆ ಗುಂಡಿಗಳ ಬಗ್ಗೆ ಮುಂಚೆ ಎಷ್ಟೋ ತಮಾಷೆ ಹೇಳಿದ್ದೇನೆ, ಈಗ ಹೇಳುವುದಿಲ್ಲ. ಹೀಗೆ ಕುಲುಕಿಸಿ ತಂದದ್ದರಿಂದ ಮೂಳೆ ಜರುಗಿದೆ, ಇನ್ನು ಮೇಲೆ ಕೋಲು ಬೇಕಾಗುತ್ತದೆ ಎಂದರು ಡಾಕ್ಟರು.

ಭಾವ ಆಸ್ಪತ್ರೆಗೆ ಓಡಿ ಬಂದ. ಆಗ ಅಮ್ಮ ಮಂಚದ ಮೇಲಿಂದ ಅಕ್ಕನಿಗೆ ಹೇಳುತ್ತಿದ್ದಳು.

“ಒತ್ತಿದ ನಂಬರಾದ್ರೂ ಸರಿ ಇತ್ತೇನೆ? ಚಿಕ್ಕಂದಿನಿಂದ್ಲೂ ಅಂಕಿ ಅಂದ್ರೆ ನಿನಗೆ ಆಗಲ್ಲ.”

“ಸರಿಯಾಗೇ ಒತ್ತಿದೆ ಅಮ್ಮಾ.”

“ಸರಿಯಾಗಿ ಒತ್ತಿದ್ರೆ ಯಾಕೆ ಬರಲಿಲ್ಲ?”

ಅಕ್ಕ ಉತ್ತರಕ್ಕಾಗಿ ಗಂಡನ ಮುಖ ನೋಡಿದಳು. ಫೋನಿನ ವಿಷಯ ಬಲ್ಲವನು ಮನೆಯಲ್ಲಿ ಅವನೊಬ್ಬನೇ. ಭಾವ ಕಾಲ ಬೆರಳು ನೋಡುತ್ತಾ ನಿಂತ. ಅವನು ಸುಮ್ಮನಿದ್ದದ್ದು ನೋಡಿ ಅಕ್ಕನೂ ಸುಮ್ಮನಾದಳು. ತಪ್ಪು ಒತ್ತಿದೆನೇನೋ ಎಂಬ ಅನುಮಾನ ಅವಳೊಳಗೆ ಕೂತದ್ದು ಆ ಗಳಿಗೆಯಲ್ಲೇ. ಅಲ್ಲೂ ಮೌನವೇ ಸಮ್ಮತಿಯಾಯಿತು.

ಅವತ್ತೇ ಅವನು ಯಂತ್ರದ ಕೋಣೆಗೆ ಹೋಗಿ ಅಂಕಿ ತಿದ್ದಿದ. ಚುಕ್ಕೆ ಹಸಿರಾಯಿತು. ಒಂದು ಬೆರಳಿನ ಕೆಲಸ. ಮರಳಿ ಬರುವಾಗ ವ್ಯಾನಿನಲ್ಲಿ ನನಗೆ ಎಲ್ಲವನ್ನೂ ಹೇಳಿದ. ಕಥೆ ಹೇಳುವಾಗಿನ ಹಾಗೆ ಒಂದು ಸಲವೂ ಕೈ ಆಡಿಸಲಿಲ್ಲ. ನನಗೆ ಸಿಟ್ಟು ಬಂತು, ಬಿದ್ದವಳು ನನ್ನ ಅಮ್ಮ ತಾನೇ. ಆದರೆ ಅವನ ಮುಖ ಹಿಂಡಿದ ಬಟ್ಟೆಯ ಹಾಗಿತ್ತು. ಅಕ್ಕನಿಗೆ ಹೇಳು ಎಂದೆ. ಹೇಳುತ್ತೇನೆ ಎಂದ. ಹೇಳಲಿಲ್ಲ.

ಅಮ್ಮನಿಗೆ ಹೊತ್ತು ಹೋಗಬೇಕಲ್ಲ. ಪಕ್ಕದ ಮಂಚದವಳಿಗೆ, ನರ್ಸಿಗೆ, ನೋಡಲು ಬಂದ ಚಿಕ್ಕಮ್ಮನಿಗೆ, ಎಲ್ಲರಿಗೂ ಮಗಳು ತಪ್ಪು ನಂಬರ್ ಒತ್ತಿದ ಕಥೆ ಹೇಳಿದಳು. ಹೇಳುತ್ತಾ ಹೇಳುತ್ತಾ ಅದೂ ಬೆಳೆಯಿತು. ಅಕ್ಕ ಆಂಬುಲೆನ್ಸ್ ಬಿಟ್ಟು ಟೈಲರ್ ಅಂಗಡಿಗೆ ಫೋನ್ ಮಾಡಿದಳಂತೆ ಎಂಬಲ್ಲಿಗೆ ಬಂತು. ಅಕ್ಕ ಚಾದರ ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಚುತ್ತಿದ್ದಳು.

ಒಂದು ಬೆಳಿಗ್ಗೆ ಭಾವ ಹಲ್ಲುಜ್ಜಿಕೊಂಡು ಬರುವಾಗ ಅಕ್ಕ ಅಡುಗೆ ಮನೆಯಲ್ಲಿ ನೆಲದ ಮೇಲೆ ಕೂತಿದ್ದಳು. ಕೈಯಲ್ಲಿ ಆರಿಸಿಟ್ಟ ಫೋನು. ಆಂಬುಲೆನ್ಸ್ ನಂಬರನ್ನು ಬಾಯಲ್ಲೇ ಹೇಳಿಕೊಂಡು ಕಪ್ಪು ಪರದೆಯ ಮೇಲೆ ಬೆರಳಿಡುತ್ತಿದ್ದಳು, ಅಳಿಸಿದವಳ ಹಾಗೆ ಸೆರಗಿನಿಂದ ಒರೆಸಿ ಮತ್ತೆ ಒತ್ತುತ್ತಿದ್ದಳು. ಮಗ್ಗಿ ಕಲಿಯುವ ಮಗುವಿನ ಹಾಗೆ. ಗಂಡನನ್ನು ನೋಡಿ ಫೋನನ್ನು ಮಡಿಲಲ್ಲಿ ಬಚ್ಚಿಟ್ಟಳು.

“ಏನೂ ಇಲ್ಲ,” ಅಂದಳು. “ಇನ್ನೊಂದ್ಸಲ ಹಾಗಾಗಬಾರದಲ್ಲ, ಅದಕ್ಕೆ.”

ಭಾವ ಮುಖವನ್ನೂ ಒರೆಸಿಕೊಳ್ಳದೆ ಹೊರಟ. ಮೊದಲು ಮೇಡಂ ಹತ್ತಿರ ಹೋಗಿ ಹೇಳಿದ. ಮೇಡಂ ಬೈಯಲು ಹೋಗಲಿಲ್ಲ. ನೋಡದೆ ನಕ್ಕು ಫೋನ್ ಇಟ್ಟವರು ಅವರೂ ತಾನೇ. ಇನ್ನು ಮೇಲೆ ಆ ಯಂತ್ರವನ್ನು ಯಾರೂ ಅತ್ತೆ ಅನ್ನಕೂಡದು, ನೀನು ಸದ್ಯಕ್ಕೆ ಕಂಬದ ಕೆಲಸಕ್ಕೆ ಹೋಗು ಎಂದರಂತೆ. ಅಲ್ಲಿಂದ ನನ್ನ ವ್ಯಾನು ಹತ್ತಿದ. ಆಸ್ಪತ್ರೆಗೆ ನಡಿ ಎಂದ.

ರೋಗಿಗಳನ್ನು ನೋಡಲು ಬಿಡುವ ಹೊತ್ತು. ಚಿಕ್ಕಮ್ಮ ಇದ್ದಳು, ಪಕ್ಕದ ಮಂಚದವಳ ಕಡೆಯವರೂ ಇದ್ದರು. ಅಮ್ಮ ಕಥೆ ಹೇಳುತ್ತಾ ಟೈಲರ್ ಅಂಗಡಿಯ ತನಕ ಬಂದಿದ್ದಳು. ಭಾವ ಮಂಚದ ಕಾಲ ಬಳಿ ನಿಂತು, ಅತ್ತೆ, ಅವಳು ಸರಿಯಾಗೇ ಒತ್ತಿದ್ದಳು ಎಂದ. ಬಾಗಿಲು, ವಿಳಾಸ, ಕೆಂಪು ಚುಕ್ಕೆ, ಹೊಲಿಗೆ ಯಂತ್ರ, ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದ. ಅವನ ಬಾಯಲ್ಲಿ ಅಷ್ಟು ಸಪ್ಪೆ ಮಾತು ನಾನು ಕೇಳಿರಲಿಲ್ಲ.

ಎಲ್ಲರೂ ನಕ್ಕರು. ಚಿಕ್ಕಮ್ಮ ಕಣ್ಣು ಒರೆಸಿಕೊಂಡು ನಕ್ಕಳು. ಅಮ್ಮ ನರಳುತ್ತಲೇ ನಕ್ಕಳು.

“ನೋಡ್ರೇ, ಹೆಂಡ್ತೀನ ಉಳಿಸೋಕೆ ಎಂಥ ಕಥೆ ಕಟ್ಟಿದಾನೆ. ಯಂತ್ರಕ್ಕೆ ಅತ್ತೆ ಅಂತ ಹೆಸರಂತೆ. ನಿನ್ನಂಥ ಗಂಡ ಸಿಗೋಕೆ ಇವಳು ಪುಣ್ಯ ಮಾಡಿದ್ಲು ಕಣಪ್ಪಾ.”

ಭಾವನ ಕಿವಿ ಕೆಂಡವಾಯಿತು. ಬೈಗುಳಕ್ಕೆ ಬೆನ್ನೊಡ್ಡಿ ಬಂದವನು ಅವನು, ಹೊಗಳಿಕೆಗಲ್ಲ. ಈ ಸಲ ನಿಜ ಅಮ್ಮ ಎಂದು ನಾನೂ ಹೇಳಿದೆ. ಕಂಬದ ನೀರಿನ ಲೋಟದ ಸಾಕ್ಷಿ ಬಂತು ಎಂದು ಅದಕ್ಕೂ ನಕ್ಕರು. ಅಕ್ಕನೂ ಬಾಯಿ ಹಿಡಿದು ಸ್ವಲ್ಪ ನಕ್ಕಳು. ಅಲ್ಲಿಗೆ ಬಿಟ್ಟಿದ್ದರೆ ಎಲ್ಲ ಮುಗಿಯುತ್ತಿತ್ತು. ಭಾವನಿಗೆ ಒಳ್ಳೆಯ ಹೆಸರು, ಅಕ್ಕನಿಗೆ ತಪ್ಪು ನಂಬರು.

ಅವನು ಬಿಡಲಿಲ್ಲ. ಮಂಚದ ಕಂಬಿ ಹಿಡಿದುಕೊಂಡು ಹೇಳಿದ:

“ಮೇಡಂ ಕೇಳಿದ್ರು, ಅತ್ತೆ ಮಾತಾಡಿದ್ರಾ ಅಂತ. ನಾನು ನಿಮ್ಮನ್ನ ಅಂದ್ಕೊಂಡೆ. ಬೆಳಿಗ್ಗೆಯಿಂದ ಬಾಯೇ ಮುಚ್ಚಿಲ್ಲ, ನನ್ನ ಕಿವಿ ತೂತಾಗಿದೆ ಅಂದೆ.”

ನಗು ಒಂದೇ ಏಟಿಗೆ ನಿಂತಿತು. ಅತ್ತೆಯ ಎದುರು ನಿಂತು ಇಂಥ ಮಾತನ್ನು ಯಾವ ಅಳಿಯನೂ ಕಟ್ಟಿ ಹೇಳುವುದಿಲ್ಲ. ಗೊರಕೆಯ ಕಥೆಗೆ ಫೋನ್ ಮಾಡಿ ಬೈದದ್ದು ಅಮ್ಮನಿಗೂ ನೆನಪಿತ್ತು. ಅವಳ ಮುಖ ನಿಧಾನಕ್ಕೆ ಗೋಡೆಯ ಕಡೆ ತಿರುಗಿತು. ಚಿಕ್ಕಮ್ಮ ಚೀಲ ಹುಡುಕತೊಡಗಿದಳು.

ಅಕ್ಕ ಮಡಚುತ್ತಿದ್ದ ಚಾದರವನ್ನು ಕೆಳಗಿಟ್ಟಳು. “ಇವತ್ತು ಬೆಳಿಗ್ಗೆನೂ ನೀವು ನೋಡಿದ್ರಿ, ನಾನು ಒತ್ತೋದನ್ನ. ಆಗ್ಲೂ ನನಗೆ ಹೇಳ್ಲಿಲ್ಲ,” ಅಂದಳು. ಅಷ್ಟೇ. ಭಾವ ತಲೆ ಎತ್ತಲಿಲ್ಲ.

ಎಷ್ಟು ಹೊತ್ತಾದರೂ ಅಮ್ಮ ಮಾತಾಡಲಿಲ್ಲ. ಗಂಟೆ ಹೊಡೆದು ಬೇರೆಯವರೆಲ್ಲ ಹೊರಟರು. ನಾನು ಭಾವನ ತೋಳು ಹಿಡಿದು, ಅಮ್ಮ ಏನೂ ಅನ್ನಲಿಲ್ಲವಲ್ಲ, ಒಪ್ಪಿಕೊಂಡಳು ಅಂತಲೇ ಲೆಕ್ಕ, ನಡಿ ಎಂದು ಪಿಸುಗುಟ್ಟಿದೆ.

“ಆ ಲೆಕ್ಕ ಹಾಕೇ ಕಣೋ ವಿಷಯ ಇಲ್ಲೀ ತನಕ ಬಂದಿದ್ದು,” ಅಂದ. ಸ್ಟೂಲ್ ಎಳೆದುಕೊಂಡು ಕೂತ.

ನರ್ಸ್ ಬಂದು ಹೊರಡಿ ಎನ್ನುವ ಹೊತ್ತಿಗೆ ಅಮ್ಮ ಗೋಡೆಯನ್ನೇ ನೋಡುತ್ತಾ ಬಾಯಿ ತೆರೆದಳು.

“ನೀನು ಒತ್ತಿದ್ದು ಸರಿ ಇತ್ತು ಕಣೇ,” ಎಂದು ಅಕ್ಕನಿಗೆ ಹೇಳಿದಳು.

ಅಳಿಯನಿಗೆ ಏನೂ ಹೇಳಲಿಲ್ಲ. ಅಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭಾವ ಎದ್ದು, ಅಮ್ಮನಿಗೆ ಕೈ ಎಟುಕುವ ಹಾಗೆ ನೀರಿನ ಲೋಟ ಇಟ್ಟು, ವಾರ್ಡಿನ ಬಾಗಿಲ ಹೊರಗೆ ಹೋಗಿ ನಿಂತ. ಮಾರನೇ ದಿನವೂ ಕಂಬದ ಕೆಲಸ ಮುಗಿಸಿ ಬಂದು ಅಲ್ಲೇ ನಿಂತ. ಒಳಗೆ ಹೋಗು ಎಂದು ಯಾರು ಹೇಳಿದರೂ, ಅತ್ತೆ ಮಾತಾಡಲಿ ಎನ್ನುತ್ತಾನೆ.